ಸೊಟ್ಟ ಲಿವರ್

ನವೆಂಬರ್ 3, ಸೋಮವಾರ

ಸಾರಿ. ಬರೆಯುತ್ತಿರುವುದಕ್ಕೇ ಸಾರಿ. ಯಾರಿಗೆ ಹೇಳುತ್ತಿದ್ದೇನೋ ಗೊತ್ತಿಲ್ಲ. ಅಭ್ಯಾಸ. ಧಾರವಾಡದ ಹಾಸ್ಟೆಲ್‌ನಲ್ಲಿ ಐದನೆಯ ಕ್ಲಾಸಿನಿಂದ ಪ್ರತಿ ಭಾನುವಾರ ಮನೆಗೆ ಪತ್ರ ಬರೆಸುತ್ತಿದ್ದರು. ಇಂಗ್ಲಿಷಿನಲ್ಲೇ. ಮಿಸ್ ಕೆಂಪು ಪೆನ್ನಿನಲ್ಲಿ ತಿದ್ದಿದ ಮೇಲೆ ಪೋಸ್ಟ್. ಹಾಗಾಗಿ ತಿದ್ದುವವರಿಲ್ಲದೆ, ಅದೂ ಕನ್ನಡದಲ್ಲಿ, ಬರೆಯಲು ಕೂತರೆ ಕಳ್ಳತನ ಮಾಡಿದ ಹಾಗೆ ಆಗುತ್ತದೆ.

ಈಗ ಶಿರಸಿಯ ಪಿಯು ಹಾಸ್ಟೆಲ್. ಬೆಳಿಗ್ಗೆ ಬಕೆಟ್ ಸಾಲು. ಬಿಸಿನೀರು ನನ್ನ ಸರದಿಗೆ ಮುಗಿಯಿತು. ಅವಲಕ್ಕಿ. ಕೆಮಿಸ್ಟ್ರಿ ರೆಕಾರ್ಡ್ ಅರ್ಧ. ಫಸ್ಟ್ ಇಯರ್‌ನವರ ಫೋನ್ ರಾತ್ರಿಯೆಲ್ಲ ವಾರ್ಡನ್ ಮೇಡಂ ಕಪಾಟಿನಲ್ಲಿರುತ್ತದೆ, ತಿಂಡಿ ಆದ ಮೇಲೆ ವಾಪಸ್. ಕೈಗೆ ಬಂದ ಕೂಡಲೇ ಕಾಕಾನ ಸ್ಟೇಟಸ್.

ಅಪ್ಪನ ಯೆಜ್ಡಿ ಬೈಕ್. ಗುರುತೇ ಸಿಗಲಿಲ್ಲ. ಕೆಂಪು ಟ್ಯಾಂಕ್, ಮಿರಿಮಿರಿ ಕ್ರೋಮ್. ಕೆಳಗೆ — "ಫುಲ್ಲಿ ಒರಿಜಿನಲ್. ಕಂಪನಿಯಿಂದ ಬಂದ ಹಾಗೆ." ಮೂರು ಬೆಂಕಿ ಎಮೋಜಿ.

ಅಪ್ಪ ಹೋಗಿ ಎರಡು ವರ್ಷ. ಬನವಾಸಿಯಲ್ಲಿ, ಈಗ ಅವ್ವ ಒಬ್ಬಳೇ ಇರುವ ಮನೆಯ ಹಿಂದೆ, ಗೋಣಿಚೀಲ ಹೊದ್ದು ನಿಂತಿದ್ದ ಗಾಡಿ. ಭರತ ಕಾಕಾ, ಅಪ್ಪನ ತಮ್ಮ, ಇಲ್ಲಿ ಶಿರಸಿಯಲ್ಲಿ ಬನವಾಸಿ ರೋಡಿನಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಹಳೆಯ ಬೈಕುಗಳನ್ನು ಹೊಸದು ಮಾಡುವುದೇ ಕೆಲಸ. ಬೇಸಿಗೆಯಲ್ಲಿ ಬಂದು ಒಯ್ದಿದ್ದ. "ಒಂದಿಷ್ಟು ಸ್ವಚ್ಛ ಮಾಡಿ ಇಡ್ತೀನಿ" ಎಂದಿದ್ದ.

ಸ್ವಚ್ಛ.

ಎಡಗೈಯ ಉಗುರೆಲ್ಲ ಮುಗಿಯಿತು.

ನವೆಂಬರ್ 8, ಶನಿವಾರ ಸಂಜೆ

ಗ್ಯಾರೇಜಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಯಾರ ಹತ್ತಿರ ಏನು ಹೇಳಬೇಕಾದರೂ ಮೊದಲು ತಲೆಯೊಳಗೆ ಇಂಗ್ಲಿಷಿನಲ್ಲಿ ಬರೆದು, ಆಮೇಲೆ ಕನ್ನಡ ಮಾಡಿ... ಅಷ್ಟರಲ್ಲಿ ಎದುರಿನವರು ಬೇರೆ ಮಾತಿಗೆ ಹೋಗಿರುತ್ತಾರೆ.

"ಬಾರವಾ ಸ್ಫೂರ್ತಿ! ನೋಡಿಲ್ಲೆ. ಶೋರೂಮಿನ ಗ್ಲಾಸ್ ಒಳಗಿಂದ ಈಗ ಎತ್ತಿ ತಂದಂಗ ಐತೋ ಇಲ್ಲೋ?"

"ಗೇರ್ ಲಿವರ್ ಎಲ್ಲಿ ಕಾಕಾ?"

"ಇಲ್ಲೇ ಐತಲ್ಲ. ಪುಣೆದಾಗಿಂದ ತರಿಸೀನಿ. ಹಳೇ ಸ್ಟಾಕು, ಪ್ಯಾಕ್ ಸೈತ ಒಡದಿದ್ದಿಲ್ಲ."

"ಇದಲ್ಲ. ಅಪ್ಪನದು."

"ಆ ಸೊಟ್ಟ ಲಿವರಾ? ಗುಜರಿಗೆ ಹೋತು. ಫುಟ್‌ರೆಸ್ಟೂ ಹೋತು, ಆ ಕೊಯ್ದ ಮಡ್‌ಗಾರ್ಡೂ ಹೋತು. ಇಟ್ಕೊಂಡು ಪೂಜಿ ಮಾಡ್ತಿದ್ದೇನ?"

ಗ್ಯಾರೇಜಿನಲ್ಲಿ ಕೂತವರು ನಕ್ಕರು.

"ಯಾರು ತೆಗೆಯಲು ಹೇಳಿದ್ದು?"

"ಯಾರ ಹೇಳಬೇಕು? ನನ್ನ ಗ್ಯಾರೇಜು, ನನ್ನ ಪಾನಾ." ಯಾಕೋ ನನ್ನ ಮುಖ ನೋಡಲಿಲ್ಲ. "ಏನ್ ಟಿವಿ ನ್ಯೂಸ್ ಓದಿದಂಗ ಮಾತಾಡ್ತೀ."

"ಅದೇ ಒರಿಜಿನಲ್ ಆಗಿತ್ತು ಕಾಕಾ."

"ಹುಚ್ಚಿ. ಕಂಪನಿ ಮಾಡಿದ್ದು ಒರಿಜಿನಲ್. ನಿಮ್ಮಪ್ಪ ಮಾಡಿದ್ದು ಅವನ ಖಯಾಲಿ."

"ಆರ್.ಸಿ.ಯಲ್ಲಿ ಕಪ್ಪು ಬಣ್ಣ ಅಂತ ಇದೆ. ಇದು ಕೆಂಪು."

ಬಟ್ಟೆಯಿಂದ ಟ್ಯಾಂಕ್ ಒರೆಸಿದ. "ಕೆಂಪು ನನಗ ಸೇರ್ತೈತಿ."

ಅಂದರೆ ಅವನಿಗೆ ಸೇರಿದ್ದು ಒರಿಜಿನಲ್. ಅಪ್ಪನಿಗೆ ಸೇರಿದ್ದು ಗುಜರಿ.

ಇದನ್ನು ಅವನ ಮುಖಕ್ಕೆ ಹೇಳಬೇಕಿತ್ತು. ನಾನು ಹೇಳಿದ್ದು "ಓಕೆ". ಚಹಾ ತರಿಸಿದ, ಕುಡಿದೆ. ಬರುವಾಗ ಥ್ಯಾಂಕ್ಸ್ ಬೇರೆ ಹೇಳಿದೆ! ಥೂ.

ನವೆಂಬರ್ 9, ಭಾನುವಾರ

ಮರೆಯುವ ಮೊದಲು ಬರೆದಿಡುತ್ತೇನೆ. ಇನ್ನು ಅದು ಬೇರೆಲ್ಲೂ ಇಲ್ಲ.

ಕಂಪನಿ ಅದನ್ನು ರಸ್ತೆಗೆ ಮಾಡಿದ್ದು. ಅಪ್ಪ ಅದನ್ನು ಕೆಸರಿಗೆ ಮಾಡಿದ. ನಾನು ಹುಟ್ಟುವ ಮೊದಲು, ಸುಗ್ಗಿ ಮುಗಿದ ಗದ್ದೆಗಳಲ್ಲಿ, ಒಣಗಿದ ಕೆರೆಗಳಲ್ಲಿ ಡರ್ಟ್ ರೇಸ್ ಆಗುತ್ತಿತ್ತಂತೆ. ಕಲ್ಲಿಗೆ ತಾಗದಿರಲೆಂದು ಸೈಲೆನ್ಸರ್ ಮೇಲಕ್ಕೆತ್ತಿ ಕಟ್ಟಿದ. ಮಡ್‌ಗಾರ್ಡ್ ಕೊಯ್ದ. ಕೆಸರು ಕಚ್ಚುವ ಬಟನ್ ಟೈರ್ ಹಾಕಿದ. ಹಿಂದಿನ ಸೀಟು ಭಾರ ಎಂದು ಕೊಯ್ದು, ಒಬ್ಬನೇ ಕೂರುವಷ್ಟು ಉಳಿಸಿದ.

ಯಲ್ಲಾಪುರದ ರೇಸಿನಲ್ಲಿ ಬಿದ್ದು ಎಡ ಮಂಡಿ ಮಡಚದಂತಾಯಿತು. ಯೆಜ್ಡಿಯಲ್ಲಿ ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಎಡಗಡೆಯ ಒಂದೇ ಲಿವರಿನಿಂದ. ಅಪ್ಪ ಕುಲುಮೆಗೆ ಒಯ್ದು ಅದನ್ನು ಕಾಯಿಸಿ ಹೊರಕ್ಕೆ ಬಗ್ಗಿಸಿಕೊಂಡ. ಹಿಮ್ಮಡಿಯಲ್ಲಿ ಗೇರ್ ಹಾಕುವ ಹಾಗೆ. ಎಡ ಫುಟ್‌ರೆಸ್ಟ್ ಕೆಳಕ್ಕೆ ಇಳಿಸಿದ. ಬಲಕ್ಕೂ ಎಡಕ್ಕೂ ತಾಳೆ ಇಲ್ಲದ ಗಾಡಿ. ಬೇರೆ ಯಾರು ಕೂತರೂ ಕಾಲು ತಡವರಿಸುತ್ತಿತ್ತು.

ಆ ಗಾಡಿಯ ಎಡಭಾಗ ಅಪ್ಪನ ಕಾಲಿನ ಅಚ್ಚು. ಅದನ್ನು ಗುಜರಿಗೆ ಹಾಕಿ, ಪುಣೆಯಿಂದ ಯಾರದೋ ಕಾಲು ತರಿಸಿದ್ದಾನೆ.

ನವೆಂಬರ್ 12, ಬುಧವಾರ

ಕ್ಲಾಸ್ ಬಂಕ್ ಮಾಡಿ ಗುಜರಿ ಅಂಗಡಿಗೆ ಹೋದೆ. ಜೀವನದ ಮೊದಲ ಬಂಕ್. ಬೀದಿಯಲ್ಲಿ ಪ್ರತಿಯೊಬ್ಬರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು.

"ಭರತಣ್ಣನ ಗ್ಯಾರೇಜಿಂದು? ಎರಡು ಚೀಲ ಬಂದಿತ್ತಮ್ಮಾ. ಹೋದ ತಿಂಗಳೇ ಲೋಡಾಗಿ ಹುಬ್ಬಳ್ಳಿಗೆ ಹೋಯ್ತು. ಅಲ್ಲಿಂದ ಭಟ್ಟಿಗೆ." ಅಂಗಡಿಯವರು ನನ್ನ ಮುಖ ನೋಡಿ ಸ್ಟೂಲ್ ಎಳೆದು ಕೊಟ್ಟರು. "ಚಿನ್ನ ಗಿನ್ನ ಇತ್ತೇನಮ್ಮಾ ಅದರಲ್ಲಿ?"

ಕೂರಲಿಲ್ಲ.

ಕರಗಿಹೋಗಿದೆ. ಈಗ ಯಾವುದೋ ಗೇಟಿನ ಚಿಲಕ ಆಗಿರಬಹುದು.

ನವೆಂಬರ್ 23, ಭಾನುವಾರ

ಇಂಟರ್ನಲ್ಸ್ ಇತ್ತು. ಬರೆಯಲಿಲ್ಲ. ಫಿಸಿಕ್ಸ್ ಹಾಳು.

ಸೇಡಿನ ಯೋಚನೆಗಳು: ಕಂಪಾಸಿನಿಂದ ಆ ಕೆಂಪು ಬಣ್ಣದ ಮೇಲೆ ಗೀರು. ಅವನ ಇನ್‌ಸ್ಟಾ ಪೇಜಿನಲ್ಲಿ ಕಾಮೆಂಟ್ — "ಇದು ಒರಿಜಿನಲ್ ಅಲ್ಲ, ಬಣ್ಣ ಸುಳ್ಳು." ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಮತ್ತೆ ಅಳಿಸಿದೆ. ಹೇಡಿಯ ಸೇಡೆಲ್ಲ ಡ್ರಾಫ್ಟಿನಲ್ಲೇ.

ರೂಮ್‌ಮೇಟ್ ಅನುಶ್ರೀಗೆ ಹೇಳಿದೆ. ಕಾನಸೂರಿನವಳು. ಮುಖದ ಮೇಲೆ ಮಾತಾಡುವ ಪೈಕಿ.

"ಎಂಥ ಮಾರಾಯ್ತಿ, ಒಂದು ಕಬ್ಬಿಣದ ತುಂಡಿಗೆ ಹದಿನೈದು ದಿನದಿಂದ ಊಟ ಬಿಟ್ಟಿದ್ಯಾ?"

"ಅದು ತುಂಡಲ್ಲ."

"ಹೋಗ್ಲಿ. ನಿನ್ನ ಅಪ್ಪಂದು ಕಾಲು ಸರಿ ಇದ್ದಿದ್ರೆ ಲಿವರ್ ನೆಟ್ಟಗೇ ಇರ್ತಿತ್ತಾ ಇಲ್ವಾ? ಅವ್ರಿಗೆ ಹಾಗೆ ಬೇಕಿತ್ತಾ, ಬೇರೆ ದಾರಿ ಇಲ್ದೆ ಹಾಗೆ ಮಾಡಿದ್ರಾ?"

ಗೋಡೆ ಕಡೆ ತಿರುಗಿ ಮಲಗಿದೆ. ಅವಳೊಂದಿಗೆ ಮಾತು ಬಂದ್.

ನವೆಂಬರ್ 30, ಭಾನುವಾರ

ಸಿದ್ದಾಪುರದಲ್ಲಿ ಹಳೆ ಬೈಕುಗಳ ಶೋ. ಅನುಶ್ರೀಯೇ ಎಳೆದುಕೊಂಡು ಹೋದಳು. ರಾಜಿ ಆಗಿದ್ದೇವೆ, ಶನಿವಾರ ರಾತ್ರಿ ಅವಳ ಮನೆಯಲ್ಲಿ ಉಳಿದೆ. "ಬಂದು ನೋಡು, ನೋಡಿದ್ರೆ ಸಿಟ್ಟು ಇಳಿತದೆ" ಎಂದಳು.

ಮೈದಾನದಲ್ಲಿ ಗಾಡಿಗಳು ಸಾಲಾಗಿ. ಕಾಕಾ ಇಸ್ತ್ರಿ ಮಾಡಿದ ಬಿಳಿ ಶರ್ಟು. ಒರಿಜಿನಲ್ ವಿಭಾಗದಲ್ಲಿ ಮೊದಲ ಬಹುಮಾನ. ಬಣ್ಣದ ವಿಷಯ ಯಾರೂ ಕೇಳಲಿಲ್ಲ. ಮೈಕ್ ಕೊಟ್ಟರು.

"ಇದು ನಮ್ಮಣ್ಣ ಬಸವರಾಜನ ಗಾಡಿರೀ. ಅಂವ ಇದನ್ನ ಕೊಯ್ದು, ಬಡದು, ಬಗ್ಗಿಸಿ, ಗಾಡಿ ಅನ್ನೂ ಹೆಸರ ಉಳಿಸಿದ್ದಿಲ್ಲ. ನಾ ಮತ್ತ ಮನುಷ್ಯಾರು ಕುಂಡ್ರೂವಂಗ ಮಾಡೀನಿ."

ನಗು. ಚಪ್ಪಾಳೆ.

ನನ್ನ ಹಿಂದೆ ಒಬ್ಬ ವಯಸ್ಸಾದವರು ಪಕ್ಕದವರಿಗೆ ಹೇಳುತ್ತಿದ್ದರು: "ಬಸವರಾಜನ ಗಾಡಿಯನಾ ಇದು? ಗುರ್ತೇ ಸಿಗ್ಲಿಲ್ಲ ಮಾರಾಯ. ಅದರ ಮೇಲೆ ಅವ ದಿಬ್ಬ ಹಾರ್ತಿದ್ದ."

ತಿರುಗಿ ಅವರ ಕೈ ಹಿಡಿದುಕೊಳ್ಳಬೇಕು ಅನಿಸಿತು. ಮಾತು ಜೋಡಿಸುವಷ್ಟರಲ್ಲಿ ಎದ್ದು ಹೋದರು.

ಕಾಕಾ ನನ್ನನ್ನು ನೋಡಿ ಬಹುಮಾನದ ಕಪ್ ಎತ್ತಿ ತೋರಿಸಿದ. ನಾನೂ ಕೈ ಬೀಸಿದೆ. ನಕ್ಕೆ.

ಸತ್ತವನ ಮೇಲೆ ಜೋಕ್ ಮಾಡಿ ಚಪ್ಪಾಳೆ ತೆಗೆದುಕೊಂಡವನನ್ನು ಸುಮ್ಮನೆ ಬಿಡುವುದಿಲ್ಲ. ಬರೆದಿಟ್ಟಿದ್ದೇನೆ. ಬಿಡುವುದಿಲ್ಲ.

ಡಿಸೆಂಬರ್ 7, ಭಾನುವಾರ

ಈ ವಾರದಿಂದ ಕಾಲೇಜು ಬಿಟ್ಟ ಮೇಲೆ ದಿನಾ ಗ್ಯಾರೇಜಿಗೆ ಹೋಗುತ್ತೇನೆ. ಒಳ್ಳೆಯ ಹುಡುಗಿ. ಕ್ರೋಮ್ ಒರೆಸಿ ಕೊಡುತ್ತೇನೆ. ನನ್ನ ನಗು ನನಗೇ ಹೆದರಿಕೆ.

ಹದಿನಾಲ್ಕಕ್ಕೆ ಯಲ್ಲಾಪುರದಲ್ಲಿ ದೊಡ್ಡ ಶೋ. ಅಲ್ಲಿ ಬರೀ ನಿಲ್ಲಿಸಿದರೆ ಸಾಲದು. ಜಡ್ಜ್‌ಗಳ ಎದುರು ಗಾಡಿ ಸ್ಟಾರ್ಟ್ ಮಾಡಿ ಮಣ್ಣಿನ ದಿಬ್ಬ ಹತ್ತಿಸಬೇಕು.

"ಇಲ್ಲಿಂದ ಯಲ್ಲಾಪುರದವರೆಗೆ ಓಡಿಸಿಕೊಂಡು ಹೋಗುತ್ತೀಯಾ ಕಾಕಾ?"

"ಏ, ಹುಚ್ಚು ಹಿಡದೈತೇನ? ಟೆಂಪೋದಾಗ ಹಾಕ್ಕೊಂಡು ಹೋಗೂದು. ದಾರ್ಯಾಗ ಕಲ್ಲು ಸಿಡದು ಬಣ್ಣ ಹೋದ್ರ?"

ಕೆಸರಿಗೆ ಮಾಡಿದ ಗಾಡಿ, ಧೂಳಿಗೆ ಹೆದರಿ, ಕಂಬಳಿ ಹೊದ್ದು, ಟೆಂಪೋ ಹತ್ತಿ ಹೋಗುತ್ತದಂತೆ. ಅಪ್ಪ ಕೇಳಿದ್ದರೆ ಏನು ಬೈಯುತ್ತಿದ್ದನೋ. ಹೋಗಲಿ. ಟೆಂಪೋದಲ್ಲೇ ಹೋಗಲಿ. ಅಲ್ಲಿ ಎಲ್ಲರೆದುರು ಅದು ನಿಲ್ಲಬೇಕು. ಇವನ ಒರಿಜಿನಲ್ ಒಂದು ದಿಬ್ಬವನ್ನೂ ಹತ್ತಬಾರದು.

ಹೇಗೆ? ಗೊತ್ತಿಲ್ಲ ಇನ್ನೂ.

ಡಿಸೆಂಬರ್ 13, ಶನಿವಾರ ಮಧ್ಯಾಹ್ನ

ಆಯಿತು. ಮಾಡಿದೆ. ನಾನು ಹುಡುಕಲೇ ಇಲ್ಲ, ಅವನೇ ಕೈಗೆ ಕೊಟ್ಟ.

ಈ ಹಳೆಯ ಗಾಡಿಗಳಿಗೆ ಪೆಟ್ರೋಲಿನಲ್ಲೇ ಇಂಜಿನ್ ಎಣ್ಣೆ ಕಲಸಬೇಕು. ಪಿಸ್ಟನ್ನಿಗೆ ಎಣ್ಣೆ ಹೋಗಲು ಬೇರೆ ದಾರಿ ಇಲ್ಲ. ಅಪ್ಪನದೊಂದು ಕ್ರಮ: ಕ್ಯಾನಿಗೆ ಮೊದಲು ಎಣ್ಣೆ, ಮೇಲೆ ಪೆಟ್ರೋಲ್, ಮುಚ್ಚಳ ಬಿಗಿದು ಕುಲುಕುವುದು, ಆಮೇಲೆ ಟ್ಯಾಂಕಿಗೆ. ಕುಲುಕುವ ಕೆಲಸ ನನ್ನದು. ಹಾಸ್ಟೆಲ್‌ನಿಂದ ರಜೆಗೆ ಬಂದಾಗ ಅಪ್ಪನ ಜೊತೆ ಮಾಡುತ್ತಿದ್ದ ಕೆಲಸ ಅದೊಂದೇ. "ಎಣ್ಣಿ ಮರತ್ರ ಪಿಸ್ಟನ್ ಹಿಡ್ಕೋತೈತಿ ನೋಡ. ಹಿಂದಿನ ಗಾಲಿ ಇದ್ದಲ್ಲೇ ಲಾಕ್" ಎನ್ನುತ್ತಿದ್ದ.

ಇವತ್ತು ಕಾಕಾ ಖಾಲಿ ಕ್ಯಾನೂ ಎಣ್ಣೆಯ ಡಬ್ಬಿಯೂ ತಂದು ಮುಂದಿಟ್ಟ. "ಟ್ಯಾಂಕ್ ಪೂರಾ ತೊಳದು ಇಟ್ಟೀನಿ. ಪೆಟ್ರೋಲ್ ತಂದು ನೀನ ಕಲಸು. ನಿಮ್ಮಪ್ಪನ ಕೈಯಾಗ ಕಲ್ತಾಕಿ, ನನಗಿಂತ ಛಲೋ ಬರ್ತೈತಿ ನಿನಗ." ಹಾಗೆಂದು ಆ ಕಡೆ ತಿರುಗಿ, ಸುಮ್ಮನೆ ಚಹಾದವನನ್ನು ಕೂಗಿದ. ಚಹಾ ಆಗಲೇ ಬಂದಿತ್ತು.

ನಾಟಕ. ಮೈಕಿನಲ್ಲಿ ಅಣ್ಣನನ್ನು ತುಳಿದು, ಇಲ್ಲಿ ಅಣ್ಣನ ಮಗಳಿಗೆ ಮರ್ಯಾದೆ.

ಪೆಟ್ರೋಲ್ ಬಂಕಿನವರು ಕ್ಯಾನಿಗೆ ಕೊಡಲು ಕೊಸರಾಡಿದರು. ಕಾಕಾನ ಹೆಸರು ಹೇಳಿದ ಮೇಲೆ ಹಾಕಿದರು. ಎಣ್ಣೆಯ ಡಬ್ಬಿ ಬ್ಯಾಗಿನಲ್ಲೇ ಇತ್ತು. ತೆಗೆಯಲಿಲ್ಲ. ವಾಪಸ್ ಬಂದು ಅವನ ಎದುರೇ ಕ್ಯಾನ್ ಕುಲುಕಿದೆ.

"ಛಂದಂಗೆ ಕುಲುಕವಾ, ತಳಕ್ಕ ಕುಂತೀತು."

ಕುಲುಕಿದೆ. ತೋಳು ನೋಯುವಷ್ಟು. ರೋಲ್ ನಂಬರ್ ಕರೆದರೆ ಎದ್ದು ನಿಲ್ಲಲೂ ಹೆದರುವ ನಾನು!

ಎಣ್ಣೆ ಬೆರೆತ ಪೆಟ್ರೋಲಿನ ಬಣ್ಣ ಬೇರೆ ಇರುತ್ತದೆ. ಅವನು ಬಗ್ಗಿ ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ. ಸುರಿದು ಮುಚ್ಚಳ ಹಾಕಿದೆ.

"ಇವತ್ತ ಸ್ಟಾರ್ಟ್ ಮಾಡೂದು ಬ್ಯಾಡ. ಸೈಲೆನ್ಸರ್ ಒರಸಿ ಇಟ್ಟೀನಿ. ನೀನೂ ಬಾ ನಾಳೆ."

"ಜ್ವರ ಬಂದ ಹಾಗಿದೆ ಕಾಕಾ."

ಹಣೆ ಮುಟ್ಟಿ ನೋಡಿದ. "ಬಿಸಿ ಐತಿ" ಎಂದ. ಇರಲಿಲ್ಲ.

ಯಾರಿಗೂ ಏನೂ ಆಗದು. ಮಣ್ಣಿನ ದಿಬ್ಬ, ಮೊದಲ ಗೇರು, ನಡೆದಷ್ಟೇ ಸ್ಪೀಡು. ಒಂದು ಸಲದಲ್ಲಿ ಆಗದಿದ್ದರೆ ಎರಡನೆಯದರಲ್ಲಿ, ಅಂತೂ ಇಂಜಿನ್ ಒಮ್ಮೆ ಕಿರುಚಿ ನಿಂತೇಬಿಡುತ್ತದೆ. ಬೀಳುವುದು ಅವನ ಮುಖ ಮಾತ್ರ. ಜಡ್ಜ್ ಕೇಳಬೇಕು. ಜನ ನಗಬೇಕು. ಮೈಕ್ ಇರಬೇಕು.

ಎಷ್ಟು ವಾರದ ಮೇಲೆ ಇವತ್ತು ಹೊಟ್ಟೆ ತುಂಬ ಊಟ ಮಾಡಿದೆ. ಅನುಶ್ರೀ "ಎಂಥ ಇವತ್ತು, ಹಬ್ಬವಾ?" ಎಂದಳು.

ಹೌದು.

ಡಿಸೆಂಬರ್ 14, ಭಾನುವಾರ. ತಿಂಡಿ ಆದ ಮೇಲೆ

ಫೋನ್ ಈಗ ಕೈಗೆ ಬಂತು. ಅವ್ವನ ವಾಯ್ಸ್ ಮೆಸೇಜ್. ಕಳಿಸಿ ಅರ್ಧ ಗಂಟೆ ಆಗಿದೆ. ಮತ್ತೆ ಮತ್ತೆ ಕೇಳಿದೆ. ಕೇಳಿದ ಹಾಗೇ ಬರೆಯುತ್ತೇನೆ.

"ಸ್ಫೂರ್ತಿ, ಜ್ವರ ಇಳೀತೇನವಾ? ಕಾಕಾ ಹೇಳಿದ. ಗುಳಿಗಿ ತಗೋ. ಕೇಳಿಲ್ಲೆ, ನಾ ಫಸ್ಟ್ ಬಸ್ಸಿಗೆ ಶಿರಸಿಗೆ ಬಂದೀನಿ. ಟೆಂಪೋ ಗಿಂಪೋ ಬ್ಯಾಡ, ಗಾಡಿ ಮ್ಯಾಲೇ ಕರಕೊಂಡು ಹೋಗೋ ಯಲ್ಲಾಪುರಕ್ಕ ಅಂದೆ. ಧೂಳು ಹತ್ತೈತಿ ವೈನೀ ಅಂತಾನ. ಹತ್ತಲಿ ಬಿಡೋ ಅಂದೆ. ಮದುವ್ಯಾಗಿ ಬಂದಾಗಿಂದ ಆ ಗಾಡಿ ನೋಡೀನಿ, ಒಂದ ದಿನಾನೂ ಕುಂತಿಲ್ಲ. ಹಿಂದ ಕುಂಡ್ರಾಕ ಜಾಗಾನ ಇದ್ದಿದ್ದಿಲ್ಲಲ್ಲ. ಅದಕ್ಕ ಮೊದಲಿನಂಗ ಉದ್ದನ್ ಸೀಟ್ ಹಾಕು ಅಂತ ಭರತಗ ನಾನ ಹೇಳಿದ್ದೆ. ಆ ಸೊಟ್ಟ ಲಿವರೂ ನಾನ ತಗಸಿದ್ದು. ಅದನ್ನ ಕಂಡ್ರ ನಿಮ್ಮಪ್ಪ ಕಾಲ ಹಿಡ್ಕೊಂಡು ರಾತ್ರಿಯೆಲ್ಲ ಒದ್ದಾಡಿದ್ದು ಕಣ್ಣ ಮುಂದ ಬರ್ತಿತ್ತು. ಆಕಿಗೆ ಹೇಳಬ್ಯಾಡೋ, ಸಿಟ್ಟ ಮಾಡ್ತಾಳ ಅಂದಿದ್ದೆ. ಪಾಪ, ಎಲ್ಲಾ ತನ್ನ ಮ್ಯಾಲ ಹಾಕ್ಕೊಂಡಾನ. ಈಗ ಹೊ... ಏ ತಡಿಯೋ, ಸೆರಗ ಸಿಕ್ಕೊಂಡೀತು! ಹೊಂಟ್ವಿ ನೋಡವಾ."

ಅವ್ವ ನಗುತ್ತಿದ್ದಾಳೆ. ಹಿಂದೆ ಗಾಡಿಯ ಸದ್ದು. ನಂತರ ಫೋಟೋ. ಕಾಕಾ ಮುಂದೆ. ಅವ್ವ ಹಿಂದೆ, ಹೊಸ ಹೆಲ್ಮೆಟ್, ಅವನ ಭುಜದ ಮೇಲೆ ಒಂದು ಕೈ. ಅಪ್ಪ ಹೋದ ಮೇಲೆ ಅವಳು ಹೀಗೆ ಹಲ್ಲು ಬಿಟ್ಟು ನಕ್ಕ ಫೋಟೋ ಇಲ್ಲ.

ದಿಬ್ಬ ಅಲ್ಲ. ಮೊದಲ ಗೇರ್ ಅಲ್ಲ. ಹೈವೇ. ಇಬ್ಬರ ಭಾರ. ಬೇಡ್ತಿ ಹೊಳೆಯ ಸೇತುವೆಗೆ ಇಳುಕಲು, ಆಮೇಲೆ ಏರು. ಹಿಂದೆ ಲಾರಿಗಳು. ಹಿಂದಿನ ಗಾಲಿ ಇದ್ದಲ್ಲೇ ಲಾಕ್.

ಅವ್ವನಿಗೆ ಕಾಲ್ — ನಾಟ್ ರೀಚೆಬಲ್. ಕಾಕಾ — ರಿಂಗ್ ಆಗಿ ಕಟ್. ಮತ್ತೆ — ನಾಟ್ ರೀಚೆಬಲ್. ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ. ಗಾಡಿ ಓಡಿಸುವಾಗ ಕಾಕಾ ಫೋನ್ ತೆಗೆಯುವುದಿಲ್ಲ.

ಅನುಶ್ರೀಗೆ ಹೇಳಿದೆ. ಎಣ್ಣೆಯ ಡಬ್ಬಿ ಬ್ಯಾಗಿನಿಂದ ತೆಗೆದು ತೋರಿಸಿದೆ. ಸೀಲ್ ಹಾಗೇ ಇದೆ. ಅವಳ ಮುಖದ ಬಣ್ಣ ಹೋಯಿತು.

"ಎಂಥ ಮಾಡಿದ್ಯೇ ನೀನು... ಎಂಥ ಮಾಡಿದ್ಯೇ..." ಆಮೇಲೆ ಚಪ್ಪಲಿ ಮೆಟ್ಟಿದಳು. "ನಾನು ಕೆಳಗೆ ಹೋಗಿ ವಾರ್ಡನ್ ಮೇಡಂ ಹತ್ರ ಹೇಳ್ತೇನೆ. ಮಂಚಿಕೇರಿಯಲ್ಲಿ ನಮ್ಮ ಮಾವನ ಅಂಗಡಿ ಯಲ್ಲಾಪುರ ರೋಡಿನ ಮೇಲೇ ಉಂಟು, ಅವ್ರಿಗೂ ಫೋನ್ ಮಾಡ್ತೇನೆ. ಅಡ್ಡ ನಿಂತು ನಿಲ್ಲಿಸ್ಲಿ. ನೀನು ಮೆಸೇಜ್ ಹಾಕು. ಸುಮ್ನೆ ಕೂರ್ಬೇಡ, ಹಾಕು!"

ಎರಡು ಸಲ ಟೈಪ್ ಮಾಡಿ ಅಳಿಸಿದೆ. ಇಲ್ಲಿ ಬರೆದು, ನೋಡಿಕೊಂಡು ಟೈಪ್ ಮಾಡುತ್ತೇನೆ.

ಅವ್ವ, ಪೆಟ್ರೋಲಿನಲ್ಲಿ ಸ್ವಲ್ಪ ಪ್ರಾಬ್ಲಮ್ ಇರಬಹುದು —

ಅಲ್ಲ.

ಅವ್ವ, ಎಣ್ಣೆ ಕಲಸಲು ಮರೆತುಬಿಟ್ಟೆ, ಸಾರಿ —

ಮರೆಯಲಿಲ್ಲ.

ಅವ್ವಾ, ನಾ ಬೇಕಂತನ ಎಣ್ಣಿ ಕಲಸಿಲ್ಲ. ಟ್ಯಾಂಕಿನ್ಯಾಗ ಬರೇ ಪೆಟ್ರೋಲ್ ಐತಿ. ಗಾಡಿ ಬಾಜೂಕ ನಿಂದ್ರಸ್ರಿ. ಕೆಳಗ ಇಳೀರಿ. ಕಾಕಾಗೂ ಹೇಳು. ಇದನ್ನ ನೋಡಿದ ಕೂಡ್ಲೆ ರಿಪ್ಲೈ ಮಾಡು